ಹೊಸ್ತಿಲ ಮುಂದಿನ ವಾಕೊಂಡ

ಹೆಸರುಗಳಷ್ಟು ತಿರುಗಾಡುವ ಪ್ರಾಣಿ ಬೇರೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ಮನುಷ್ಯ ಊರು ಬಿಟ್ಟು ಹೋಗಬೇಕಾದರೆ ಟಿಕೀಟು ತೆಗೆಸಬೇಕು, ಬುತ್ತಿ ಕಟ್ಟಬೇಕು, ಮಂದಿ ಮಾತು ಕೇಳಬೇಕು. ಹೆಸರಿಗೆ ಇದಾವುದೂ ಬೇಡ. ಒಂದು ಊರಲ್ಲಿ ದೇವರಾಗಿ ಕೂತಿರುತ್ತದೆ, ಇನ್ನೊಂದು ಊರಲ್ಲಿ ಬಸ್ ಸ್ಟಾಪಾಗಿ ನಿಂತಿರುತ್ತದೆ, ಮೂರನೆಯ ಕಡೆ ಯಾರದೋ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿರುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಇಷ್ಟು ದೊಡ್ಡ ಮಾತು ಆಡಬಾರದು, ನಿಜ. ಆದರೆ ನನ್ನ ಹೆಸರು ಯಲ್ಲವ್ವ. ಈ ಒಂದು ವಿಷಯದಲ್ಲಿ ನನಗೆ ಅನುಭವ ಇದೆ.

ನಮ್ಮ ತವರೂರು ಸವದತ್ತಿಯ ಗುಡ್ಡಕ್ಕೆ ಚಕ್ಕಡಿಯಲ್ಲಿ ಹೊರಟರೆ ಸಂಜೆಗೆ ಮುಟ್ಟುವಷ್ಟು ದೂರ. ಹಾಗಾಗಿ ಓಣಿಯಲ್ಲಿ ನಿಂತು ‘ಯಲ್ಲವ್ವಾ’ ಎಂದು ಕೂಗಿದರೆ ಬಾಗಿಲಿಗೊಂದು ತಲೆ ಹೊರಬರುತ್ತಿತ್ತು. ಗುರುತಿಗಾಗಿ ಒಬ್ಬಳು ಗಿಡ್ಡ ಯಲ್ಲವ್ವ, ಒಬ್ಬಳು ಅಗಸಿ ಯಲ್ಲವ್ವ, ನಾನು ಮೂಗಿನ ಯಲ್ಲವ್ವ. ಮೂಗು ಈಗಲೂ ಹಾಗೇ ಇದೆ. ಉಳಿದ ಮುಖ ಒಣಗಿ ಹಿಂದೆ ಸರಿದದ್ದರಿಂದ ಅದೊಂದೇ ಮುಂದೆ ಬಂದಿದೆ. ಅಜ್ಜಿ ಹೇಳುವ ಕತೆಗಳಲ್ಲೂ ರಾಣಿಯ ಹೆಸರು ಯಲ್ಲವ್ವ, ಅವಳ ಬಾಣಂತನ ಮಾಡುವ ಸೂಲಗಿತ್ತಿಯ ಹೆಸರೂ ಯಲ್ಲವ್ವ. ಬೇರೆ ಹೆಸರು ಹುಡುಕುವ ಉಸಾಬರಿ ಅಜ್ಜಿಗೆ ಬೇಕಾಗಿರಲಿಲ್ಲ. ತೊಂದರೆಯಾದದ್ದು ನಮ್ಮವ್ವನಿಗೆ. ದೇವಿಯ ಹೆಸರು ಹಿಡಿದು ಮಗಳನ್ನು ಬೈಯುವ ಹಾಗಿಲ್ಲ. ಬೈಯದೆ ಆಕೆಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅದಕ್ಕೆ ಸಿಟ್ಟು ಬಂದಾಗ ನನ್ನನ್ನು ‘ಚಂದ್ರೀ’ ಎನ್ನುತ್ತಿದ್ದಳು. ಚಂದ್ರಿ ನಮ್ಮ ಎಮ್ಮೆ. ನಾನು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಹಿತ್ತಲಿನಿಂದ ಅದು ಓಗೊಡುತ್ತಿತ್ತು. ಇಬ್ಬರಲ್ಲಿ ಮರ್ಯಾದೆ ತಿಳಿದದ್ದು ಎಮ್ಮೆಗೇ ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಅಪ್ಪ ಬೈಯುವವನಲ್ಲ. ಆದರೆ ಕಾಲಿನ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಪುಸ್ತಕವಾಗಲಿ, ಕಾಳಾಗಲಿ, ಕಸಬರಿಗೆಯಾಗಲಿ, ಕಾಲು ತಾಗಿತೆಂದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲೇಬೇಕು. ಹೊಲದ ದಾರಿಯಲ್ಲಿ ಒಂದು ದರ್ಗಾ ಇತ್ತು. ಅದರ ಎದುರಿಗೆ ಬಂದಾಗ ಅಪ್ಪ ಕೆರ ಕಳಚಿ ಕೈಯಲ್ಲಿ ಹಿಡಿದು, ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳುತ್ತಿದ್ದ. ಅದು ನಮ್ಮ ದೇವರಲ್ಲವಲ್ಲ ಎಂದು ಒಮ್ಮೆ ಕೇಳಿದೆ. “ಯಾರದೋ ಒಬ್ಬರದು ಐತಲ್ಲ” ಎಂದ. ಮುಂದೆ ಮಾತು ಬೆಳೆಸಲಿಲ್ಲ. ಅಪ್ಪನಿಗೆ ಒಂದು ವಿಷಯಕ್ಕೆ ಒಂದೇ ಮಾತು, ಎರಡನೆಯದು ಎತ್ತುಗಳಿಗೆ.

ಮದುವೆಯಾಗಿ ಹೈದರಾಬಾದಿಗೆ ಬಂದೆ. ನಮ್ಮವರು ಸರಕಾರಿ ನೌಕರಿಯಲ್ಲಿದ್ದರು, ಕಾಚಿಗುಡದ ಒಂದು ವಠಾರದಲ್ಲಿ ಎರಡು ಕೋಣೆ. ಬಂದ ವರ್ಷದ ಆಷಾಢದಲ್ಲಿ ಬೀದಿಯ ತುಂಬ ಡಪ್ಪು ಬಾರಿಸಿಕೊಂಡು, ತಲೆಯ ಮೇಲೆ ದೇವಿಯ ಎಡೆಗೆಂದು ಬೋನದ ಗಡಿಗೆ ಹೊತ್ತು, ‘ಯೆಲ್ಲಮ್ಮಾ’ ಎಂದು ಕೂಗುತ್ತ ಜನ ಬಂದಾಗ ನಾನು ಒಳಗೆ ಓಡಿ ಅಗಳಿ ಹಾಕಿಕೊಂಡೆ. ಹೊಸ ಊರು, ಇಷ್ಟು ಜನಕ್ಕೆ ನನ್ನ ಹೆಸರು ಹೇಗೆ ಗೊತ್ತಾಯಿತು? ನಮ್ಮವರು ಬಾಗಿಲಾಚೆ ನಿಂತು, ಕರೆಯುತ್ತಿರುವುದು ನಿನ್ನನ್ನಲ್ಲ, ನಿನ್ನನ್ನು ಕರೆಯಲು ಯಾರಿಗೂ ಅಷ್ಟು ಹುಮ್ಮಸ್ಸಿಲ್ಲ ಎಂದರು. ಪಕ್ಕದ ಕೋಣೆಯ ನರಸಮ್ಮ ಮಾತ್ರ ನನ್ನ ಹಣೆಗೆ ಅರಿಶಿಣ ಬಡಿದು, ನಿಮ್ಮ ಅಮ್ಮನವರೂ ನಮ್ಮ ಅಮ್ಮನವರೂ ಒಬ್ಬರೇ ಕಣೇ ಎಂದು ತೆಲುಗಿನಲ್ಲಿ ಹೇಳಿದಳು. ಆ ದಿನ ನನಗೆ ಊರಿನ ಭಯ ಹೋಯಿತು. ನನಗಿಂತ ಮೊದಲು ನನ್ನ ಹೆಸರು ಬಂದು ಇಲ್ಲಿ ಜಾಗ ಹಿಡಿದಿತ್ತು. ಮಿಯಾಪುರದ ಹತ್ತಿರ ಆ ಹೆಸರಿನ ಒಂದು ಬಂಡೆ ಇದೆ, ಬಂಡೆಯ ಹೆಸರಿನ ಒಂದು ಬಸ್ತಿ ಇದೆ. ಆ ಕಡೆ ಬಸ್ಸಿನಲ್ಲಿ ಹೋದಾಗ ಕಂಡಕ್ಟರು ಕೂಗಿದಾಗಲೆಲ್ಲ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಈಗ ನಮ್ಮವರಿಲ್ಲ, ನರಸಮ್ಮ ಇಲ್ಲ, ವಠಾರವೂ ಇಲ್ಲ. ಮಗ ಗಚ್ಚಿಬೌಲಿಯಲ್ಲಿ ಫ್ಲ್ಯಾಟು ತೆಗೆದುಕೊಂಡಿದ್ದಾನೆ. ಆ ಕಟ್ಟಡಗಳ ಗುಂಪಿಗೆ ಕಟ್ಟಿದವರು ಇಟ್ಟ ಹೆಸರು ವಾಕೊಂಡ. ಗೋಲ್ಕೊಂಡ ನನಗೆ ಗೊತ್ತು, ಇದು ಯಾವ ಕೊಂಡ ಎಂದು ಆಟೋದವರು ಕೇಳುತ್ತಾರೆ. ನನಗೂ ಗೊತ್ತಿಲ್ಲ ಮುಂದೆ ನಡಿ ಎನ್ನುತ್ತಿದ್ದೆ. ಗೊತ್ತಿಲ್ಲದೆ ಸುಖವಾಗಿದ್ದೆ. ಒಂದು ದಿನ ಊಟದ ಹೊತ್ತಿಗೆ ಮೊಮ್ಮಗಳು ಮೇಘನಾ ಫೋನು ನೋಡುತ್ತ ಹೇಳಿದಳು: ಅಮೆರಿಕದಲ್ಲಿ ಲಕೋಟಾ ಎಂಬ ಮೂಲಜನ ಇದ್ದಾರಂತೆ, ಅವರೂ ಅವರ ನೆರೆಯ ಜನರೂ ಎಲ್ಲಕ್ಕಿಂತ ದೊಡ್ಡದನ್ನು, ಪವಿತ್ರವಾದದ್ದನ್ನು ಕರೆಯುವ ಮಾತು ಇದಕ್ಕೆ ಹತ್ತಿರದ್ದಂತೆ. ಅಲ್ಲಿ ಅದೇ ಹೆಸರಿನ ಸಣ್ಣ ಊರೂ ಇದೆಯಂತೆ. ಕತೆ ಬರೆಯುವವರೂ ಅದನ್ನೇ ಎತ್ತಿಕೊಂಡು, ಇಲ್ಲದ ಊರಿಗೂ ಇಲ್ಲದ ದೇಶಕ್ಕೂ ಇಟ್ಟಿದ್ದಾರಂತೆ. ನಮ್ಮ ಬಿಲ್ಡರು ಬಹುಶಃ ಕತೆಯಿಂದಲೇ ತಂದಿರಬೇಕು ಎಂದು ನಕ್ಕಳು. ನನಗೆ ಇದರಲ್ಲಿ ಆಶ್ಚರ್ಯ ಏನೂ ಅನ್ನಿಸಲಿಲ್ಲ. ನನ್ನ ಹೆಸರಿನ ಸಂಸಾರವೂ ಹಾಗೇ ಅಲ್ಲವೇ. ಆದರೆ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾಕೆಂದರೆ ಆ ಹೆಸರು ನಮ್ಮ ಬಾಗಿಲ ಮುಂದಿನ ಮ್ಯಾಟಿನ ಮೇಲೆ ಇತ್ತು.

ಮ್ಯಾಟಿನ ಕತೆ ಹೇಳಿಬಿಡುತ್ತೇನೆ. ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ಐದನೇ ಅಂತಸ್ತಿನ ರೆಡ್ಡಿಯವರು. ಎಲ್ಲ ಬಾಗಿಲೂ ಒಂದೇ ತರಹ ಕಾಣಬೇಕೆಂದು ಮನೆಮನೆಗೂ ಒಂದೇ ಬಣ್ಣದ ಮ್ಯಾಟು ಹಾಸಿಸಿದವರು ಅವರೇ, ನಡುವೆ ದಪ್ಪಕ್ಷರದಲ್ಲಿ ವಾಕೊಂಡ. ಆ ದಿನದಿಂದ ನಾನು ಅದನ್ನು ದಾಟಿ ಹೊರಗೆ ಕಾಲಿಡತೊಡಗಿದೆ. ಮ್ಯಾಟು ಉದ್ದ, ನನ್ನ ಕಾಲು ಗಿಡ್ಡ. ಎರಡನೇ ದಿನವೇ ಎದುರು ಮನೆಯ ಗೋಡೆಯನ್ನು ತಬ್ಬಿಕೊಂಡು ನಿಂತೆ. ಮ್ಯಾಟನ್ನು ಮಗುಚಿ ಹಾಕಿದೆ. ಕಸ ಗುಡಿಸುವವಳು ಮತ್ತೆ ನೆಟ್ಟಗೆ ಹಾಕಿದಳು. ಕೊನೆಗೆ ಅದನ್ನು ಒಳಗೆ ತಂದು, ಒಗೆದು, ಬಾಲ್ಕನಿಯ ಹಗ್ಗಕ್ಕೆ ಹಾಕಿದೆ. ಅದು ಕೆಳಗೆ ಆಟದ ಮೈದಾನಕ್ಕೆಲ್ಲ ಕಾಣುತ್ತಿತ್ತು. ಸಂಜೆಯೊಳಗೆ ವಾಟ್ಸಪ್ಪಿನಲ್ಲಿ ನಮ್ಮ ಬಾಲ್ಕನಿಯ ಫೋಟೋ ಬಂತು.

ಬೇರೆ ಸಮಯವಾಗಿದ್ದರೆ ಇದು ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಆಗ ನನ್ನ ಸೊಸೆ ಶಾರದಾ ಅದೇ ರೆಡ್ಡಿಯವರ ಎದುರು ಸೆಕ್ರೆಟರಿ ಚುನಾವಣೆಗೆ ನಿಂತಿದ್ದಳು. ಶಾರದಾ ಕಲಬುರಗಿಯ ಹುಡುಗಿ, ನನಗಿಂತ ಹೆಚ್ಚು ಓದಿದವಳು. ಈ ಮನೆಗೆ ಬಂದ ಮೇಲೆ ನನ್ನ ಔಷಧ, ಗಂಡನ ಡಬ್ಬಿ, ಮಗಳ ಪರೀಕ್ಷೆ ಇದರಲ್ಲೇ ತಲೆಗೂದಲು ಬೆಳ್ಳಗಾಗಿದ್ದವು. ತನಗೆಂದು ಒಂದು ಸೀರೆಯ ಬಣ್ಣವನ್ನೂ ಗಟ್ಟಿಯಾಗಿ ಕೇಳಿದವಳಲ್ಲ. ಈಗ ಮೊದಲ ಸಲ ಒಂದು ಬೇಕು ಎಂದಿದ್ದಳು. ನೀರಿನ ಟ್ಯಾಂಕರು, ಲಿಫ್ಟು, ಕಸದ ಡಬ್ಬಿ ಎಂದು ಮನೆಮನೆಗೆ ಹೋಗಿ ಮಾತಾಡಿ ಬಂದು, ಕನ್ನಡಿಯ ಮುಂದೆ ತೆಲುಗು ಭಾಷಣ ಮಾಡಿಕೊಳ್ಳುತ್ತಿದ್ದಳು. ನನಗೆ ಗೊತ್ತಿರಲಿಲ್ಲವೆಂದಲ್ಲ.

ಫೋಟೋ ಬಂದ ದಿನ ಆಕೆ ನನ್ನ ಮಂಚದ ಅಂಚಿಗೆ ಕೂತಳು. “ಅತ್ತಿ, ಎಲೆಕ್ಷನ್ ಮುಗಿಯೂತನಾ ತಡೀರಿ. ಅದು ನಿಮ್ಮ ದೇವರೂ ಅಲ್ಲ, ನಮ್ಮ ದೇವರೂ ಅಲ್ಲ.”

ನಾನು ಅಪ್ಪನ ಮಾತನ್ನೇ ಹೇಳಿದೆ. ಆಕೆ, ಯಾರದೋ ಒಬ್ಬರದು ಅಂದ್ರ ಆ ಒಬ್ಬರು ಬಂದು ವೋಟು ಹಾಕ್ತಾರೇನ್ರಿ ಎಂದಳು. ಜವಾಬು ಚೆನ್ನಾಗಿತ್ತು. ಮೆಚ್ಚಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಸೊಸೆಯಂದಿರಿಗೆ ಅದನ್ನೆಲ್ಲ ರೂಢಿ ಮಾಡಿಸಬಾರದು. ಮಗ ನಡುವೆ ಬಂದು ಅವ್ವಾ, ಮಿಯಾಪುರಕ್ಕ ಅಕ್ಕನ ಮನಿಗೆ ನಾಕು ದಿನ ಹೋಗಿ ಬರ್ತೀಯೇನು ಎಂದು ಕೇಳಿದ. ಅಷ್ಟರಿಂದ ನನಗೆ ತಿಳಿಯಿತು, ಮ್ಯಾಟಿಗಿಂತ ನಾನೇ ದೊಡ್ಡ ಅಡಚಣೆ ಎಂದು. ಹೋಗುವುದಿಲ್ಲ ಎಂದೆ. ಇಡೀ ಜನ್ಮ ಹೋಗು ಎಂದ ಕಡೆಗೆಲ್ಲ ಹೋಗಿ ಬಂದಿದ್ದೇನೆ. ಕಳಿಸಿದ ಕಡೆ ಹೋಗುವ ವಯಸ್ಸು ಮುಗಿದಿದೆ.

ಚುನಾವಣೆಯ ಸಭೆ ಕ್ಲಬ್ ಹೌಸಿನಲ್ಲಿ. ಹಿಂದಿನ ಕುರ್ಚಿಯಲ್ಲಿ ಕೂತು ಬಾಯಿ ತೆರೆಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಶಾರದಾ ಟ್ಯಾಂಕರಿನ ಬಗ್ಗೆ ಚೆನ್ನಾಗಿ ಮಾತಾಡಿದಳು. ಆಮೇಲೆ ರೆಡ್ಡಿಯವರು ಎದ್ದರು. ಒಳ್ಳೆಯ ಮನುಷ್ಯ, ಲಿಫ್ಟಿನಲ್ಲಿ ನನಗೆ ಯಾವಾಗಲೂ ಮೊದಲು ಜಾಗ ಬಿಡುತ್ತಾರೆ. ಅಂದು ಮಾತ್ರ ಮೃದುವಾಗಿ ನಗುತ್ತ, ಸ್ವಂತ ಬಾಗಿಲಿಗೆ ಒಂದು ಮ್ಯಾಟು ಹಾಸಿಸಲಾಗದವರು ಇಷ್ಟು ಮನೆಗಳ ಶಿಸ್ತು ಹೇಗೆ ನೋಡಿಕೊಳ್ಳುತ್ತಾರಮ್ಮಾ ಎಂದು ಕೇಳಿದರು. ಕೆಲವರು ನಕ್ಕರು, ಹಿಂದೆ ತಿರುಗಿ ನನ್ನನ್ನು ನೋಡಿದರು. ಶಾರದಾ ಈಗ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಅತ್ತೆಗೆ ವಯಸ್ಸಾಗಿದೆ, ತಲೆ ಸರಿಯಿಲ್ಲ, ನಾಳೆಯೇ ಹಾಸುತ್ತೇನೆ ಎನ್ನುತ್ತಾಳೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನಮ್ಮತ್ತೆಯ ಮೇಲೆ ಹಾಕಲಿಕ್ಕೆ ಇದಕ್ಕಿಂತ ಸಣ್ಣ ಕಾರಣ ಸಿಕ್ಕರೂ ನನಗೆ ಸಾಕಾಗುತ್ತಿತ್ತು. ಮನೆಗೆ ಹೋದ ಮೇಲೆ ಆಡಲೆಂದು ನಾಲ್ಕು ಖಾರದ ಮಾತು ಜೋಡಿಸಿಕೊಂಡು ಕೂತೆ.

ಅವಳು ಅದು ದೇವರ ಹೆಸರು ಎಂದು ತೆಲುಗಿನಲ್ಲಿ ಶುರುಮಾಡಿದಳು, ಸಿಟ್ಟು ಏರಿದಂತೆ ಹಿಂದಿಗೆ ಹೊರಳಿದಳು, ಕೊನೆಗೆ ಎರಡೂ ಸಾಲದೆ ಮನೆಯ ಮಾತೇ ಬಂತು. “ನಮ್ಮತ್ತಿ ದೇವರ ಹೆಸರಿನ ಮ್ಯಾಲೆ ಕಾಲಿಡಂಗಿಲ್ರಿ. ಇಡ್ರಿ ಅಂತ ನಾ ಹೇಳಂಗಿಲ್ಲ. ಅದಕ್ಕ ನೀವು ವೋಟು ಕೊಡಂಗಿಲ್ಲಂದ್ರ, ಬಿಡ್ರಿ.”

ಹೇಳಿ ಕೂತುಬಿಟ್ಟಳು. ಅಲ್ಲಿದ್ದವರಲ್ಲಿ ಕನ್ನಡ ಬರುವವರು ನಾವೇ. ಆದರೂ ಯಾರೂ ನಗಲಿಲ್ಲ. ಎರಡನೇ ಅಂತಸ್ತಿನ ಬೇಗಂ ಸಾಹೇಬರು, ಮೊಣಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತಲೇ, “ನಾಮ್ ಪೋ ಪಾಂವ್ ರಖ್ತೇ ಕ್ಯಾ ಜೀ” ಎಂದರು, ಹೆಸರಿನ ಮೇಲೆ ಯಾರಾದರೂ ಕಾಲಿಡುತ್ತಾರೆಯೇ ಎಂದು. ಅವರಿಗೂ ಆ ಮ್ಯಾಟು ಬಂದ ದಿನದಿಂದ ಸರಿಬಂದಿರಲಿಲ್ಲವಂತೆ. ಇನ್ನಿಬ್ಬರು ಮುದುಕಿಯರು ತಮಗೂ ಹಾಗೇ ಎಂದರು. ಅವರಲ್ಲೊಬ್ಬಳು ಆಗಷ್ಟೇ ಎಚ್ಚರವಾದವಳು, ಯಾವ ವಿಷಯವೆಂದು ಆಮೇಲೆ ಪಕ್ಕದವರನ್ನು ಕೇಳಿದಳು. ಶಾರದಾ ಗೆದ್ದಳು. ನಾನು ಜೋಡಿಸಿಕೊಂಡಿದ್ದ ಖಾರದ ಮಾತುಗಳು ಬಾಯಲ್ಲೇ ಉಳಿದವು. ಮನೆಗೆ ಬಂದು ಅವಳಿಗೆ ಒಂದು ಲೋಟ ಚಹಾ ಮಾಡಿಕೊಟ್ಟೆ. ಸಕ್ಕರೆ ಹೆಚ್ಚಾಗಿತ್ತು, ಅವಳು ಏನೂ ಅನ್ನದೆ ಕುಡಿದಳು.

ಹೊಸ ಸೆಕ್ರೆಟರಿ ಮಾಡಿದ ಮೊದಲ ಕೆಲಸ, ಎಲ್ಲ ಬಾಗಿಲಿಗೂ ಅಕ್ಷರವಿಲ್ಲದ ಬೋಳು ಮ್ಯಾಟು. ಅವು ಬಂದ ದಿನ ಮೇಘನಾ ನನ್ನ ಪಕ್ಕ ಕೂತು, ಅಜ್ಜಿ, ಆ ಜನದ ಬಗ್ಗೆ ಇನ್ನಷ್ಟು ಓದಿದೆ ಎಂದಳು. ಅವರದು ಎಲ್ಲೋ ಒಂದು ಕಡೆ ಕೂತಿರುವ ದೇವರಲ್ಲವಂತೆ. ಕಲ್ಲು, ಹುಲ್ಲು, ಗಾಳಿ, ದನಕರು, ಎಲ್ಲದರಲ್ಲೂ ಇರುವಂಥದ್ದಂತೆ. ಒಂದು ಹೆಸರಿನಲ್ಲಿ ಹಿಡಿದಿಡಲು ಬರುವುದಿಲ್ಲವಂತೆ. ಈ ಬೋಳು ಮ್ಯಾಟಿನಲ್ಲೂ ಇದೆಯೇ ಎಂದು ಕೇಳಿದೆ. ಅವಳು ಯೋಚಿಸಿ, ಇರಬೇಕು ಎಂದಳು. ಲಿಫ್ಟಿನಲ್ಲಿ? ಲಿಫ್ಟಿನಲ್ಲೂ. ರೆಡ್ಡಿಯವರಲ್ಲಿ? ಅವರಲ್ಲೂ ಎಂದು ನಕ್ಕಳು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದರೆ, ನೀವು ಅರ್ಧಕ್ಕೇ ಎದ್ದು ಮ್ಯಾಟು ನೋಡಾಕ ಹೋದ್ರಿ ಎಂದಳು.

ಮರುದಿನ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಬಹಳ ಯೋಚಿಸಿದೆ. ಎಲ್ಲದರಲ್ಲೂ ಇರುವುದು ನನ್ನ ಕಾಲಿನಲ್ಲೂ ಇರಬೇಕು. ಅವರವರು ಬಗೆಹರಿಸಿಕೊಳ್ಳಲಿ ಎಂದು ಮ್ಯಾಟಿನ ಮೇಲೆ ಕಾಲಿಟ್ಟೇಬಿಟ್ಟೆ. ಹಾಗೇ ಮುಂದೆ ಹೋಗಬಹುದಿತ್ತು. ಆದರೆ ರೂಢಿ ಬಿಟ್ಟ ಮೈಯಲ್ಲ ಇದು. ಬಗ್ಗಿ, ಮುಟ್ಟಿ, ಕಣ್ಣಿಗೆ ಒತ್ತಿಕೊಂಡೆ. ಬಗ್ಗಿದ್ದು ಬಗ್ಗಿದಂತೆಯೇ ನಿಂತಿತು, ಸೊಂಟ ಮೇಲೆ ಏಳಲಿಲ್ಲ. ಆ ಸ್ಥಿತಿಯಲ್ಲೇ ಶಾರದಾಳನ್ನು ಮೂರ್ನಾಲ್ಕು ಸಲ ಕೂಗಿದೆ. ಸೆಕ್ರೆಟರಿಯವರು ಮೀಟಿಂಗಿಗೆ ಹೋಗಿದ್ದರು.