ಸೆಂಟ್ರಿಂಗ್ ಮೇಲೆ ಕೂತ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನನ್ನು ಯಾರೂ ಗೃಹಪ್ರವೇಶಕ್ಕೆ ಕರೆಯಕೂಡದೆಂದು ಸರ್ಕಾರ ಒಂದು ಕಾನೂನು ತರಬೇಕು. ತಮಾಷೆಗೆ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ. ಗೃಹಪ್ರವೇಶಕ್ಕೆ ಹೋದವರು ಏನು ಮಾಡುತ್ತಾರೆ? ದೇವರಿಗೆ ಕೈಮುಗಿದು, ಹೋಳಿಗೆ ಊಟ ಮಾಡಿ, ‘ಮನೆ ತುಂಬಾ ಚೆನ್ನಾಗಿದೆ’ ಎಂದು ಒಂದು ಸುಳ್ಳು ಹೇಳಿ, ತಾಂಬೂಲ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ನಮ್ಮ ಚಿಕ್ಕಮ್ಮ ವ್ಯಾನಿಟಿ ಬ್ಯಾಗಿನಿಂದ ಅಳತೆ ಟೇಪು ತೆಗೆಯುತ್ತಾರೆ!

ಅವರೇನು ಇಂಜಿನಿಯರೇ? ಅಲ್ಲ. ಇಂಜಿನಿಯರುಗಳ ಕಚೇರಿಯಲ್ಲಿ ಟ್ರೇಸರ್ ಆಗಿದ್ದವರು. ಬೇರೆಯವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಹಾಳೆ ಹಾಸಿ, ಅದೇ ಗೆರೆಗಳನ್ನು ಇಂಕಿನಲ್ಲಿ ಎಳೆಯುವ ಕೆಲಸ. ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಊರಿನ ಪಾಯ, ಕಾಲಂ, ಲಿಂಟಲ್, ಸಜ್ಜೆಗಳನ್ನೆಲ್ಲ ಎಳೆದರು. ಆದರೆ ಎಳೆದದ್ದರಲ್ಲಿ ಒಂದೇ ಒಂದು ಮನೆಯನ್ನೂ ಕಟ್ಟುವಾಗ ಹೋಗಿ ನೋಡಲಾಗಲಿಲ್ಲವಂತೆ. ಮನೆ, ಮಕ್ಕಳು, ಆಫೀಸು ಎಂದು ಓಡಾಡುವುದರಲ್ಲೇ ಕಾಲ ಕಳೆಯಿತಂತೆ. ಆ ಆಸೆಯನ್ನೆಲ್ಲ ರಿಟೈರಾದ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ, ನಮ್ಮ ಮಾನ ಹರಾಜು ಹಾಕಿಕೊಂಡು!

ವಿಜಯನಗರದಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶ. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ. ಚಿಕ್ಕಮ್ಮ ಎದ್ದು, ಗೋಡೆ ನೆಟ್ಟಗಿದೆಯೇ ಎಂದು ನೋಡಲು ಮೇಸ್ತ್ರಿಗಳು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ತೂಕದ ಗುಂಡನ್ನು ಬ್ಯಾಗಿನಿಂದ ತೆಗೆದು ದೇವರ ಹಿಂದಿನ ಗೋಡೆಗೆ ಇಳಿಬಿಟ್ಟರು. ಅರ್ಚನೆ ನಡೆಯುತ್ತಿರುವಾಗ! ಕಣ್ಣು ಕಿರಿದು ಮಾಡಿ ನೋಡಿ, “ಮುಕ್ಕಾಲಿಂಚು ಮುಂದಕ್ಕೆ ವಾಲಿದೆ” ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿದರು. ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಪುರೋಹಿತರು ಮಂತ್ರ ನಿಲ್ಲಿಸಿ ಗೋಡೆಯನ್ನೊಮ್ಮೆ ನೋಡಿದರು. ಆಮೇಲೆ ಕೂತಿದ್ದ ಮಣೆಯನ್ನು ಮೆಲ್ಲಗೆ ಎರಡು ಮೊಳ ಹಿಂದಕ್ಕೆ ಎಳೆದುಕೊಂಡು ಪೂಜೆ ಮುಂದುವರಿಸಿದರು.

ಅವರಿರುವ ರಾಜಾಜಿನಗರದ ಬೀದಿಯ ಕಥೆ ಇನ್ನೊಂದು. ಯಾರೋ ಹೊಸದಾಗಿ ಕಾಂಪೌಂಡ್ ಗೋಡೆಗೆ ಪ್ಲಾಸ್ಟರಿಂಗ್ ಮಾಡಿಸಿ, ನೀರು ಹಾಕದೆ ಬಿಟ್ಟಿದ್ದರು. ಚಿಕ್ಕಮ್ಮ ದಿನಾ ಬೆಳಿಗ್ಗೆ ಬಕೆಟ್ ಹಿಡಿದು ಹೋಗಿ ಆ ಗೋಡೆಗೆ ನೀರೆರೆದು ಬರತೊಡಗಿದರು. ಮೂರನೇ ದಿನ ಮನೆಯವರು ಹೊರಗೆ ಬಂದು, “ಆಂಟಿ, ಇದು ನಮ್ಮನೆ ಗೋಡೆ” ಎಂದರು.

“ಗೊತ್ತು. ಏಳು ದಿನ ಕ್ಯೂರಿಂಗ್ ಮಾಡ್ದಿದ್ರೆ ಬಿರುಕು ಬಿಡತ್ತೆ. ನಿಮಗೆ ಪುರುಸೊತ್ತಿಲ್ಲ, ನನಗಿದೆ. ಒಳಗೆ ಹೋಗಿ ಕಾಫಿ ಕುಡೀರಿ!”

ಸರಿ, ಗೋಡೆಗಳ ಪಾಡಿಗೆ ಗೋಡೆಗಳನ್ನು ಬಿಟ್ಟುಬಿಡೋಣ. ನನ್ನ ಹೊಟ್ಟೆ ಅವರಿಗೇನು ಮಾಡಿತ್ತು? ಕಳೆದ ಯುಗಾದಿಗೆ ಮನೆ ತುಂಬ ಜನ ಕೂತಿರುವಾಗ ಅದರ ಕಡೆ ಬೆರಳು ತೋರಿಸಿ, “ಕೆಳಗೆ ಆಧಾರ ಇಲ್ದೆ ಮುಂದಕ್ಕೆ ಚಾಚ್ಕೊಂಡಿರತ್ತಲ್ಲ, ಅದಕ್ಕೆ ಕ್ಯಾಂಟಿಲಿವರ್ ಅಂತಾರೆ” ಎಂದು ಮಕ್ಕಳಿಗೆ ಪಾಠ ಮಾಡಿದರು. ಆವತ್ತಿನಿಂದ ನನ್ನ ಸ್ವಂತ ಮಗಳು ನನ್ನನ್ನು ಹಾಗೇ ಕರೆಯುತ್ತಾಳೆ!

ಇಂಥವರಿರುವಾಗ ಬ್ಯಾಡರಹಳ್ಳಿಯಲ್ಲಿ ನಮ್ಮದೇ ಮನೆ ಶುರುಮಾಡಿದರೆ ನಾನು ಅವರಿಗೆ ಹೇಳುತ್ತೇನೆಯೇ? ಬಾಯಿ ಹೊಲಿದುಕೊಂಡಿದ್ದೆ. ಕೆಳಗಿನ ಮನೆ ಬಾಡಿಗೆಗೆ, ಮೇಲಿನದು ನಮಗೆ. ಹೊರಗಡೆಯಿಂದ ಮೆಟ್ಟಿಲು, ಮೆಟ್ಟಿಲಿಗೂ ಗೇಟಿಗೂ ನಡುವೆ ನನ್ನ ಕಾರು. ಆ ಕಾರು ಹೊಸಹಳ್ಳಿಯ ಬಾಡಿಗೆ ಮಹಡಿ ಮನೆಯ ಮುಂದೆ ಬೀದಿಯಲ್ಲಿ ನಿಂತು ನಿಂತು, ಎರಡು ಕನ್ನಡಿ ಕಳೆದುಕೊಂಡು, ಹಕ್ಕಿಗಳ ಕಕ್ಕಸ್ಸಾಗಿಬಿಟ್ಟಿತ್ತು. ಅದನ್ನು ಸ್ವಂತ ಗೇಟಿನೊಳಗೆ ನಿಲ್ಲಿಸಿ ಬೀಗ ಹಾಕಬೇಕು ಎಂಬುದೊಂದೇ ನನ್ನ ಕನಸು. ಆದರೆ ಅಮ್ಮ ಫೋನಿನಲ್ಲಿ ತಂಗಿಗೆ ಎಲ್ಲವನ್ನೂ ಒದರಿಬಿಟ್ಟಿದ್ದಳು.

ಒಂದು ಬೆಳಿಗ್ಗೆ ಆಫೀಸಿನಲ್ಲಿದ್ದೆ. ಕಂಟ್ರಾಕ್ಟರ್ ಫೋನು.

“ಸಾರ್, ಮೆಟ್ಲಿಗೆ ಕಾಂಕ್ರೀಟ್ ಕಲಸ್ತಾ ಇದೀವಿ. ನಿಮ್ ಚಿಕ್ಕಮ್ಮ ಬಂದು ಸೆಂಟ್ರಿಂಗ್ ಹಲಗೆ ಮೇಲೆ ಕೂತ್ಬಿಟ್ಟವ್ರೆ. ಏಳಲ್ಲ ಅಂತಾರೆ. ಏನ್ಮಾಡ್ಲಿ? ಸೇರಿಸಿ ಹಾಕ್ಬಿಡ್ಲಾ?”

ಒಂದು ಕ್ಷಣ ‘ಹಾಕ್ಬಿಡಿ’ ಎನ್ನೋಣವೆನಿಸಿದ್ದು ನಿಜ! ಓಡಿಹೋಗಿ ನೋಡಿದರೆ, ಕಾಂಕ್ರೀಟು ಸುರಿಯಲು ಬಡಿದಿದ್ದ ಹಲಗೆಗಳ ನಟ್ಟನಡುವೆ, ಕಂಬಿಗಳ ಮೇಲೆ ಪೇಪರ್ ಹಾಸಿಕೊಂಡು ಚಿಕ್ಕಮ್ಮ ಕೊಡೆ ಬಿಚ್ಚಿ ಕೂತಿದ್ದಾರೆ. ಕೆಲಸದವರೆಲ್ಲ ಬೀಡಿ ಹಚ್ಚಿಕೊಂಡು ನೋಡುತ್ತಿದ್ದಾರೆ.

“ರೈಸರ್ ಎಂಟಿಂಚು ಇಟ್ಟಿದಾನೆ ಕಣೋ! ಒಂದೊಂದು ಮೆಟ್ಲೂ ಎಂಟಿಂಚು ಎತ್ತರ! ಇದೇನು ಬೆಟ್ಟವಾ? ಬಿಚ್ಚಿಸು. ಆರಿಂಚಿಗೆ ಮಾಡ್ಸು.”

“ಆರಿಂಚು ಮಾಡಿದ್ರೆ ಹದಿನೈದು ಮೆಟ್ಲು ಇಪ್ಪತ್ತಾಗತ್ತೆ ಚಿಕ್ಕಮ್ಮ. ನಾಲ್ಕಡಿ ಮುಂದಕ್ಕೆ ಬರತ್ತೆ. ಕಾರು ಎಲ್ಲಿ ನಿಲ್ಲಿಸ್ಲಿ?”

“ಬೀದೀಲಿ ನಿಲ್ಸು. ಮೆಟ್ಲು ಹತ್ತೋದು ಕಾರಾ?”

ನನ್ನ ಪಿತ್ತ ನೆತ್ತಿಗೇರಿತು. “ಇದು ನನ್ನ ಮನೆ, ನಿಮ್ಮದಲ್ಲ! ಇನ್ನೊಬ್ರು ಬರೆದಿದ್ದರ ಮೇಲೆ ಗೆರೆ ಎಳೆದೋರು ನೀವು. ಕಟ್ಟೋದು ನಿಮಗೇನು ಗೊತ್ತು?” ಎಂದುಬಿಟ್ಟೆ.

ಕೆಲಸದವರು ಬೀಡಿ ಎಳೆಯುವುದನ್ನು ನಿಲ್ಲಿಸಿದರು. ಚಿಕ್ಕಮ್ಮ ಏಳಲಿಲ್ಲ. ಕೊಡೆಯನ್ನು ಸ್ವಲ್ಪ ತಗ್ಗಿಸಿಕೊಂಡರು, ಅಷ್ಟೆ. ಅಮ್ಮನಿಗೆ ಫೋನು ಮಾಡಿ, “ನಿನ್ನ ತಂಗೀನ ಎಬ್ಬಿಸಮ್ಮ” ಎಂದು ಕೂಗಾಡಿದೆ. ಅಮ್ಮ “ಅವಳು ಹೇಳ್ದಂಗೇ ಮಾಡಿಸ್ಬಿಡಪ್ಪ” ಎಂದಳು. ಅಕ್ಕತಂಗಿಯರು ಸೇರಿ ಸಂಚು ಹೂಡಿದ್ದಾರೆಂದು ಮೈಯೆಲ್ಲ ಉರಿದುಹೋಯಿತು. ಬಡಿದಿದ್ದ ಹಲಗೆ ಕೀಳಿಸಿ, ಇಪ್ಪತ್ತು ಮೆಟ್ಟಿಲು ಮಾಡಿಸಿದೆ. ಕಾರನ್ನು ಒಳಗೆ ನಿಲ್ಲಿಸಿ ನೋಡಿದರೆ ಮೂತಿ ಗೇಟಿನಿಂದಾಚೆ ಬಂತು. ಮತ್ತೆ ಬೀದಿ, ಮತ್ತೆ ಹಕ್ಕಿಗಳು! ಎರಡು ತಿಂಗಳು ನಾನು ಚಿಕ್ಕಮ್ಮನೊಂದಿಗೆ ಮಾತು ಬಿಟ್ಟೆ.

ಆದರೂ ಗೃಹಪ್ರವೇಶಕ್ಕೆ ಕರೆಯದಿರಲಾಗುತ್ತದೆಯೇ? ಬಂದರು. ಟೇಪು ತೆಗೆಯಲಿಲ್ಲ, ಗುಂಡು ಇಳಿಬಿಡಲಿಲ್ಲ. ಊಟಕ್ಕೂ ಮೇಲೆ ಬರದೆ ಗೇಟಿನ ಹತ್ತಿರವೇ ನಿಂತಿದ್ದರು. ಊಟಕ್ಕೆ ಕರೆಯಲು ನಾನೇ ಬಿಗುಮಾನ ಬಿಟ್ಟು ಹೋದೆ. ಅಷ್ಟರಲ್ಲಿ ಬೀದಿಯಲ್ಲಿ ಹೂವಿನವಳ ಕೂಗು ಕೇಳಿಸಿತು. ಅಮ್ಮ ಮೇಲಿನಿಂದ, “ಏ, ನಿಲ್ಲಮ್ಮ, ಬಂದೆ!” ಎನ್ನುತ್ತ ಇಳಿದು ಬಂದಳು. ನಮ್ಮ ಮುಂದೆಯೇ ಹಾದು ಗೇಟು ತೆರೆದು ಹೊರಗೆ ಹೋಗಿ ಚೌಕಾಸಿಗೆ ನಿಂತಳು.

“ಎಲ್ಲೂ ಕೂರ್ಲಿಲ್ಲ ನೋಡಿದ್ಯಾ?” ಎಂದರು ಚಿಕ್ಕಮ್ಮ.

“ಯಾಕೆ ಕೂರ್ಬೇಕು?”

“ಹೊಸಹಳ್ಳಿ ಮನೇಲಿ ಒಂದೊಂದು ಮೆಟ್ಲಲ್ಲೂ ಕೂತು ಕೂತು ಇಳೀತಿದ್ಲು ಕಣೋ, ಮಕ್ಕಳ ಥರ. ನೀನು ಆಫೀಸಿಗೆ ಹೋದ್ಮೇಲೆ. ಒಂದಿನ ನಾನು ನೋಡ್ಬಿಟ್ಟೆ. ‘ಮಂಡಿ ನೋವು ಅಂತ ಗೊತ್ತಾದ್ರೆ ಅವನು ಕೆಳಗಿನ ಮನೆ ಬಾಡಿಗೆಗೆ ಕೊಡಲ್ಲ, ಅವನಿಗೆ ಕಷ್ಟ ಆಗತ್ತೆ, ಹೇಳ್ಬೇಡ’ ಅಂತ ಆಣೆ ಹಾಕಿಸ್ಕೊಂಡ್ಲು.”

ಅಮ್ಮ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಕೇಳಿದಾಗೆಲ್ಲ ‘ಯಾಕೋ ಬೇಜಾರು ಕಣೋ’ ಎನ್ನುತ್ತಿದ್ದಳು. ನಾನು ನಂಬಿದ್ದೆ. ನಂಬುವುದು ನನಗೆ ಅನುಕೂಲವಾಗಿತ್ತು. ಆಣೆ ಮಾಡಿದ್ದ ಚಿಕ್ಕಮ್ಮ ಬಾಯಿ ಬಿಡುವಂತಿರಲಿಲ್ಲ. ಹಲಗೆಯ ಮೇಲೆ ಕೂರಬಹುದಿತ್ತು, ಕೂತರು. ಅಷ್ಟು ಜನರೆದುರು ನಾನು ಆಡಿದ ಮಾತನ್ನೂ ಕೇಳಿಕೊಂಡು ಕೂತರು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಕಣ್ಣು ಮಂಜಾಗಿ ಅವರ ಕಾಲು ಮುಟ್ಟಲು ಬಗ್ಗಿದೆ.

“ಅದೆಲ್ಲ ಇರ್ಲಿ. ಆ ರೇಲಿಂಗ್ ಎರಡಿಂಚು ಎತ್ತರ ಆಗಿದೆ, ಅಕ್ಕನ ಕೈಗೆ ಸರಿಯಾಗಿ ಸಿಗ್ತಿಲ್ಲ. ಮೊದ್ಲು ಅದನ್ನ ಸರಿಮಾಡ್ಸು” ಎನ್ನುತ್ತ ಚಿಕ್ಕಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡರು.

ಮರುದಿನವೇ ವೆಲ್ಡಿಂಗಿನವನನ್ನು ಕರೆಸಿದೆ. ಎಷ್ಟು ಎತ್ತರಕ್ಕೆ ಕೂರಿಸಲಿ ಸಾರ್ ಎಂದು ಕೇಳಿದ. ಅಮ್ಮನನ್ನು ಕರೆದು, ಮೆಟ್ಟಿಲ ಮೇಲೆ ನಿಲ್ಲಿಸಿ, “ಎಲ್ಲಿಗೆ ಬೇಕಮ್ಮ, ನೀನೇ ಹೇಳು” ಎಂದೆ.