ಭರಣಿಯೊಳಗಿನ ಮುಖ

ಸಿಂಧನೂರಿಗೆ ಕಾಲುವೆ ನೀರು ಬಂದು ಹೊಲಗಳೆಲ್ಲ ಹಸಿರಾದ ವರ್ಷ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಆದಪ್ಪನ ತಲೆಗೂ ಹಸಿರು ಹತ್ತಿತು. ಹೆಂಡತಿ ಯಮನಮ್ಮ ಉಪ್ಪಿನಕಾಯಿಗೆಂದು ತೊಳೆದಿಟ್ಟ ಎರಡು ಗಾಜಿನ ಭರಣಿಗಳಲ್ಲಿ ಆತ ಪಾಚಿ ಸಾಕತೊಡಗಿದ. (ಆಕೆ ಕೋಳಿ ಸಾಕೋಣವೆಂದಾಗ, ಮನೆ ಗಲೀಜಾಗುತ್ತದೆ ಎಂದವನು ಇವನೇ.) ಧಾರವಾಡದ ಗೆಳೆಯನೊಬ್ಬ ಕಳಿಸಿದ, ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ, ನೀರಲ್ಲಿ ಈಜುವ ಪಾಚಿ ಅದು.

"ಇವರಾಗ ಗಂಡು-ಹೆಣ್ಣು ಇಲ್ಲ. ಎಲ್ಲಾ ಒಂದ ಅಳತಿ. ಈ ಭರಣಿದು ಒಂದು ಕುಲ, ಆ ಭರಣಿದು ಇನ್ನೊಂದು. ತಮ್ಮ ಕುಲದಾಗ ಕೂಡಂಗಿಲ್ಲ. ಅದೂ ಉಪವಾಸ ಬಿದ್ರಷ್ಟ ಲಗ್ನ," ಎಂದ ಹೆಂಡತಿಗೆ.

"ನಮ್ಮಾಗ ಲಗ್ನ ಆದಮ್ಯಾಲೆ ಉಪವಾಸ," ಎಂದಳು ಯಮನಮ್ಮ.

ಆದಪ್ಪ ಕೇಳಿಸದವನಂತೆ ಪಾಠ ಮುಂದುವರಿಸಿದ. ಕೋಟ್ಯಂತರ ವರ್ಷಗಳ ಹಿಂದೆ ಎಲ್ಲವೂ ಸರಿಸಮ. ಬರಬರುತ್ತ ಈ ಬಳಗದಲ್ಲಿ ಒಂದು ಬುತ್ತಿ ಕಟ್ಟಿಕೊಂಡು ದಪ್ಪಗಾಯಿತು, ಅದು ಹೆಣ್ಣು. ಇನ್ನೊಂದು ಸಣ್ಣಗಾಗಿ ಬರಿಗೈಲಿ ಈಜುತ್ತ ಬಂತು, ಅದು ಗಂಡು.

"ಅವತ್ತಿಂದ ಬರಿಗೈಲೇ ಬರಾಕತ್ತೀರಿ ಅನ್ರಿ."

ಆದರೆ ಆಕೆಯ ನಗೆ ಬಹಳ ದಿನ ಉಳಿಯಲಿಲ್ಲ. "ಇವು ನನ್ನ ನೋಡಾಕತ್ತಾವ್ರಿ," ಎಂದಳು ಒಂದು ಮಧ್ಯಾಹ್ನ. ಭರಣಿಯ ಹಸಿರೆಲ್ಲ ಕಿಟಕಿಯ ಕಡೆ ಒತ್ತಿ ನಿಂತಿತ್ತು. ಆಕೆ ಭರಣಿ ತಿರುಗಿಸಿಟ್ಟಳು. ಒಂದು ಬೀಡಿ ಸೇದುವಷ್ಟರಲ್ಲಿ ಹಸಿರು ಹೊಗೆಯಂತೆ ಕದಲಿ, ಸದ್ದಿಲ್ಲದೆ ಮತ್ತೆ ಅಲ್ಲಿಗೇ ಬಂದು ನಿಂತಿತು. ಆದಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಬೆಳಕು ಬಿದ್ದ ಕಡೆ ಈಜತಾವ, ಅಷ್ಟ," ಎಂದ.

ಮರುದಿನ ಆತ ತರಬೇತಿಗೆಂದು ಮಸ್ಕಿಗೆ ಹೋದ. ವಾರ ಕಳೆದು, ಎರಡು ಕುಲಗಳ ಲಗ್ನ ತೋರಿಸುತ್ತೇನೆಂದು ಶೇರವಾನಿ ತೊಟ್ಟ ಹೆಡ್‌ಮಾಸ್ತರ ಬಾಬುಸಾಬರನ್ನು ಕರೆದುಕೊಂಡೇ ಮನೆಗೆ ಬಂದ. ಲಗ್ನ ಚೆನ್ನಾಗಿ ನಡೆದರೆ ಶಾಲೆಯ ಪ್ರದರ್ಶನದ ಮುಖ್ಯಸ್ಥಾನ ಇವನದೇ.

ನಡು ಮಧ್ಯಾಹ್ನ. ಮನೆಯಲ್ಲಿ ಗುಂಡುಸೂಜಿ ಬಿದ್ದರೂ ಕೇಳುವ ಮೌನ. ಯಮನಮ್ಮನ ಸುಳಿವಿಲ್ಲ. ಒಳಕೋಣೆಯಲ್ಲಿ ಹಸಿಮಣ್ಣಿನ ವಾಸನೆ. ಕಿಟಕಿಯ ಒಂದೇ ರೆಕ್ಕೆ ತೆರೆದಿತ್ತು. ಭರಣಿಗಳ ಮೇಲೆ ಕಪ್ಪು ಬಟ್ಟೆ. "ಇದರಾಗ ಅಂಜೂದು ಏನೂ ಇಲ್ಲ ಸಾಹೇಬ್ರ, ಅಂಜೋರು ಸಾಲಿ ಕಲಿಯದ ಅಡಾಣಿ ಮಂದಿ," ಎನ್ನುತ್ತ ಆದಪ್ಪ ಬಟ್ಟೆ ಎಳೆದ.

ಒಂದು ಭರಣಿಯ ಗಾಜಿನೊಳಗಿಂದ ಮುಖವೊಂದು ಅವನನ್ನೇ ನೋಡುತ್ತಿತ್ತು. ಎರಡು ಹಸಿರು ಕಣ್ಣು. ಕೆಳಗೆ ಸೊಟ್ಟ ಬಾಯಿ. ಸುತ್ತಲಿನ ನೀರು ತಿಳಿಯಾಗಿತ್ತು. ನೋಡನೋಡುತ್ತಿದ್ದಂತೆ ಆ ಬಾಯಿ ಮೆಲ್ಲಗೆ ಅಗಲವಾಯಿತು.

"ಯವ್ವಾ!" ಎಂದು ಆದಪ್ಪ ಹಿಂದಕ್ಕೆ ಹಾರಿದ. ಅವನ ಮೊಣಕೈ ತಾಗಿ ಎರಡೂ ಭರಣಿಗಳು ಉರುಳಿದವು, ಒಡೆದವು. ಎರಡು ಕುಲಗಳೂ ನೆಲದ ಮೇಲೆ ಒಂದಾಗಿ ಹರಿದವು.

ಹಿತ್ತಲಿಂದ ಯಮನಮ್ಮ ಬಂದು ಬಟ್ಟೆ ಎತ್ತಿ ತೋರಿಸಿದಳು. "ನಮ್ಮ ಹಳೇ ಛತ್ರಿ ಅರಬಿ. ನನ್ನ ನೋಡಬಾರದಂತ ಹೊಚ್ಚಿದ್ದೆ. ಇಲ್ಲಿ ಮೂರು ತೂತು ಅದಾವ. ಬೆಳಕು ಬಿದ್ದಲ್ಲಿ ಅಷ್ಟ ಬಂದು ಕುಂತಾವ. ನೀವು ಅರಬಿ ತೆಗದ ಕೂಡಲೇ ಚದುರಾಕ ಹತ್ಯಾವ."

"ವಾಹ್! ಪ್ರದರ್ಶನದಾಗ ಪಾಠ ನೀವ ಹೇಳ್ರಿ ಬಾಯಾರ," ಎಂದರು ಬಾಬುಸಾಬ್. ಆಮೇಲೆ ತಗ್ಗಿದ ದನಿಯಲ್ಲಿ, "ಮಾಸ್ತರ, ಇನ್ನರ ನನ್ನ ಶೇರವಾನಿ ಬಿಡ್ರಿ."