ಮೇಡಂ ಕೀಬೋರ್ಡಿಗೆ ಹೊಸ ಸಂಬಂಧ

ಹಳೇ ಕಂಪ್ಯೂಟರ್ ಸಾಮಾನಿಗೂ ಹೊಸ ಲ್ಯಾಪ್‌ಟಾಪಿಗೂ ಸಂಬಂಧ ಕುದುರಿಸುವ ಚಟ ಹತ್ತಿದವನಿಗೆ ಫಜೀತಿಗಳು ತಪ್ಪಿದ್ದಲ್ಲ. ವಾರವೆಲ್ಲ ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು, ಭಾನುವಾರ ಮಾತ್ರ ಮದುವೆ ದಲ್ಲಾಳಿ. ಜಾತಕ ಕೂಡದಿದ್ದರೂ ತಂತಿ ಕೂಡಿಸುತ್ತೇನೆ.

ಈ ಸಲದ ಹೆಣ್ಣು ಕೊರಟಗೆರೆಯದು, ನನಗೆ ಟೈಪಿಂಗ್ ಕಲಿಸಿದ ಮೇಡಂ ಅವರ ಹಳೇ ಕೀಬೋರ್ಡು. ಮೇಡಂಗೆ ಈಗ ಕಣ್ಣು ಮಂಜು. ತೆರೆಯ ಮೇಲೆ ಅಕ್ಷರ ದಪ್ಪ ಮಾಡಿದರೆ ಕಾಣುತ್ತದೆ, ಆದರೆ ಸೊಸೆಯ ಲ್ಯಾಪ್‌ಟಾಪಿನ ಚಪ್ಪಟೆ ಕೀಗಳು ಬೆರಳಿಗೆ ಸಿಗುವುದಿಲ್ಲ. ಬೀದಿಯವರ ಅರ್ಜಿಗಳನ್ನೆಲ್ಲ ಟೈಪ್ ಮಾಡಿಕೊಡುತ್ತಿದ್ದವರು ಕೈಕಟ್ಟಿ ಕೂತುಬಿಟ್ಟಿದ್ದರು.

"ನನ್ನ ಕೀಬೋರ್ಡೇ ಬೇಕು ಕಣಯ್ಯ. ಅದ್ರಲ್ಲಾದ್ರೆ ನನ್ನ ಬೆರಳಿಗೇ ಕಣ್ಣು" ಅಂದರು.

ನಮ್ಮಪ್ಪ ತೀರಿಕೊಂಡ ವರ್ಷ ನನ್ನನ್ನು ತಾವಾಗಿ ಕರೆದು, ಕೂರಿಸಿಕೊಂಡು ಕಲಿಸಿದವರು ಅವರು. ಆಗಲ್ಲ ಅನ್ನುವುದು ಹೇಗೆ?

ಒಂದು: ಶಿರಾ

ಆ ಕೀಬೋರ್ಡಿನ ತಂತಿಯ ತುದಿ ಗುಂಡಗೆ, ಅದರಲ್ಲಿ ಐದು ಪಿನ್ನು. ಈಗಿನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವೇ ಇಲ್ಲ. ನಡುವೆ ಕೂರಿಸುವ ಸಣ್ಣ ಬೋರ್ಡು ನನ್ನ ಹತ್ತಿರ ಇತ್ತು, ಸಾಕೆಟ್ ಇರಲಿಲ್ಲ. ಶಿರಾದ ಗುಜರಿ ಅಂಗಡಿಗೆ ಹೋಗಿ, "ಭಾಯ್, ಗುಂಡಗಿರಬೇಕು, ಐದು ತೂತಿರಬೇಕು" ಅಂದೆ.

ಭಾಯ್ ಬಹಳ ಹೊತ್ತು ಹುಡುಕಿ ತಂದದ್ದು ಚಕ್ಕುಲಿ ಒರಳಿನಲ್ಲಿ ಖಾರಸೇವೆ ಒತ್ತುವ ಹಿತ್ತಾಳೆ ಬಿಲ್ಲೆ!

"ಇದಲ್ಲ ಭಾಯ್, ಕಂಪ್ಯೂಟರ್‌ಗೆ!"

"ಅರೇ, ಮೊದ್ಲೇ ಹೇಳೋದಲ್ವಾ ಸಾಬ್!"

ಹಳೇ ಟೇಪ್‌ರೆಕಾರ್ಡರ್ ಒಂದನ್ನು ಬಿಚ್ಚಿ, ತಕ್ಕ ಸಾಕೆಟ್ಟನ್ನೇ ಕಿತ್ತುಕೊಟ್ಟ. ಮೇಡಂ ವಿಷಯ ಕೇಳಿದ ಮೇಲೆ, "ಕಲಿಸ್ದೋರ ಕೆಲ್ಸಕ್ಕೆ ಪೈಸಾ ತಗೊಂಡ್ರೆ ಬರ್ಕತ್ ಇರಲ್ಲ" ಅಂತ ಕೈ ಅಡ್ಡ ಹಿಡಿದ. ಎಂಥ ದೊಡ್ಡ ಮನಸ್ಸು ಅಂದುಕೊಂಡು ಹೊರಟೆ. ಕರೆದು ಬಿಲ್ಲೆಯನ್ನೂ ಜೇಬಿಗೆ ಹಾಕಿದ.

"ಇಟ್ಕೊಳ್ಳಿ ಸಾಬ್. ಅದು ಕೆಲ್ಸ ಮಾಡ್ದೇ ಇದ್ರೆ, ಖಾರಾನಾದ್ರೂ ಒತ್ಬೋದು."

ಎರಡು: ಪಾವಗಡ

ಬೆಸುಗೆ ಹಾಕಿ ಜೋಡಿಸಿದೆ. ಉಸಿರಿಲ್ಲ. ಬಿಚ್ಚಿ ಮತ್ತೆ ಬೆಸೆದೆ. ಊಹೂಂ! ಮೇಡಂಗೆ ಯಾವ ಮುಖ ತೋರಿಸಲಿ ಅನ್ನಿಸಿ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಪಾವಗಡದ ಗೆಳೆಯನ ಮನೆಗೆ ಹೋದೆ. ಅವನು ರಾಯಚರ್ಲು ಕಡೆ ಸೋಲಾರ್ ಫಲಕಗಳ ತಂತಿ ನೋಡಿಕೊಳ್ಳುವವನು. ಪಿನ್ನುಗಳನ್ನು ಉಗುರಿನಿಂದ ಕೆರೆದು, ಮೂಸಿ ನೋಡಿದ.

"ಒರೇ, ಇದಿ ಗಂಧಂ ರಾ!"

ಪಿನ್ನಿಗೆ ಗಂಧ ಎಲ್ಲಿಂದ ಬಂತು ಅಂತ ಮೇಡಂಗೇ ಫೋನು ಹಚ್ಚಿ ಕೇಳಿದೆ.

"ಹೂಂ ಕಣಪ್ಪ. ಕಂಪ್ಯೂಟರ್ ಕೆಟ್ಟು ಮೂಲೆ ಸೇರಿದ್ಮೇಲೂ ಆಯುಧಪೂಜೆ ತಪ್ಪಿಸಿಲ್ಲ. ವರ್ಷವರ್ಷವೂ ಗಂಧ, ವಿಭೂತಿ ಹಚ್ತೀನಿ. ಕರೆಂಟು ಬರೋ ಜಾಗಕ್ಕೇ ಅಲ್ವಾ ಹಚ್ಬೇಕಾದ್ದು?"

ಗೆಳೆಯ ಊಟ ಬಿಟ್ಟು ಕೂತು ಒಂದೊಂದೇ ಪಿನ್ನು ತಿಕ್ಕಿ ಬೆಳಗಿದ. ಕೀಬೋರ್ಡಿನ ದೀಪ ಹತ್ತಿತು. ಸಂತೋಷಕ್ಕೆ ಅವನನ್ನು ತಬ್ಬಿಕೊಂಡೆ.

"ಬಿಸಿಲಿಂದ ಕರೆಂಟ್ ತೆಗೆಯೋದು ದಿನಾ ನೋಡ್ತೀನಿ. ಗಂಧದಿಂದ ಕರೆಂಟ್ ನಿಲ್ಸಿದ್ದು ನಿಮ್ಮ ಮೇಡಂ ಒಬ್ರೇ ರಾ!" ಅಂದ.

ಮೂರು: ಕೊರಟಗೆರೆ

ಸೊಸೆಯ ಲ್ಯಾಪ್‌ಟಾಪಿಗೆ ಜೋಡಿಸಿ ಮುಂದಿಟ್ಟೆ. ಮೇಡಂ ಕೀಗಳ ಮೇಲೆ ಒಮ್ಮೆ ಕೈಯಾಡಿಸಿದರು. ಬೆರಳುಗಳು ತಮ್ಮ ತಮ್ಮ ಜಾಗದಲ್ಲಿ ಕೂತವು, ಟಕಟಕ ಶುರುವಾಯಿತು. ತೆರೆಯ ಮೇಲೆ ಒಂದೂ ತಪ್ಪಿಲ್ಲ. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾಯ್‌ಗೂ ಗೆಳೆಯನಿಗೂ ಮನಸ್ಸಿನಲ್ಲೇ ಕೈಮುಗಿದೆ.

"ಪುಣ್ಯ ಕಟ್ಕೊಂಡ್ಬುಟ್ಟೆ ಕಣಯ್ಯ" ಅಂದರು ಮೇಡಂ. "ಎಲ್ಲಿ, ನೀನೂ ಒಂದು ಸಾಲು ಹೊಡಿ, ಕೇಳಣ."

ಖುಷಿಯಲ್ಲಿ ಹೊಡೆದೆ. ಮೇಡಂ ತಲೆ ವಾಲಿಸಿ ಕೇಳಿದರು. ಮುಖ ಬಿಗಿಯಾಯಿತು. ಕಣ್ಣು ಮಂಜಾದರೇನು, ಸದ್ದಿನಲ್ಲೇ ಹಿಡಿದುಬಿಟ್ಟರು!

"ಎರಡೇ ಬೆರಳು! ಮಿಕ್ಕಿದ್ದನ್ನ ಯಾರ ಮನೇಲಿ ಬಿಟ್ ಬಂದೆ? ಮೊದಲ್ನೇ ಪಾಠದಿಂದ ಹೊಡಿ!"

ಅಷ್ಟರಲ್ಲಿ ಟಕಟಕ ಕೇಳಿ, ಅರ್ಜಿ ಬರೆಸಬೇಕಾದ ಬೀದಿಯವರು ಬಾಗಿಲಿಗೆ ಬಂದು ನಿಂತಿದ್ದರು. ಮೇಡಂ ಅವರನ್ನು ಜಗುಲಿಯ ಮೇಲೆ ಕೂರಿಸಿದರು.

"ಒಸಿ ತಡೀರಪ್ಪ. ಕೀಬೋರ್ಡು ರಿಪೇರಿ ಆಯ್ತು. ಈಗ ರಿಪೇರಿ ಮಾಡ್ದೋನ್ನ ರಿಪೇರಿ ಮಾಡ್ಬೇಕು."